ಕೆಸರಿನ ಗುಟ್ಟು ಬಿಡಿಸಿದ ವಿನೊಗ್ರಾಡ್‌ಸ್ಕಿ

ಮಕ್ಕಳೇ, ಮಳೆಗಾಲ ಕಳೆದು ಕೆರೆಯ ನೀರು ಇಳಿಯತೊಡಗಿದಾಗ ದಂಡೆಯ ಕೆಸರಿನಲ್ಲಿ ನೀವು ಎಂದಾದರೂ ಕಾಲಿಟ್ಟಿದ್ದೀರಾ? ಮೇಲೆ ಕಂದು ಬಣ್ಣದ ತೆಳುವಾದ ಪದರ ಇರುತ್ತದೆ. ಕಾಲು ಹೂತುಹೋದಂತೆ ಅಡಿಯಿಂದ ಕಪ್ಪು ಕೆಸರು ಮೇಲಕ್ಕೆ ಬರುತ್ತದೆ. ಅದರ ಜೊತೆಗೆ ಕೊಳೆತ ಮೊಟ್ಟೆಯಂಥ ವಾಸನೆ ಬಂದು ಮೂಗಿಗೆ ಬಡಿಯುತ್ತದೆ. ಆಗ ನೀವು ಮೂಗು ಮುಚ್ಚಿಕೊಂಡು ದಡಕ್ಕೆ ಓಡಿರುತ್ತೀರಿ. ಮನೆಗೆ ಬಂದರೆ ಅಂಗಳದಲ್ಲೇ ನಿಲ್ಲಿಸಿ ಕಾಲು ತೊಳೆಸಿರುತ್ತಾರೆ.

ಇಂಥ ಕೆಸರನ್ನು ಕಂಡು ಓಡಿಹೋಗದೆ, ಅದರ ಮುಂದೆಯೇ ವರ್ಷಗಟ್ಟಲೆ ಕುಳಿತ ಒಬ್ಬ ವಿಜ್ಞಾನಿ ಇದ್ದರು. ಅವರ ಹೆಸರು ಸರ್ಗೇಯ್ ನಿಕೊಲಾಯೆವಿಚ್ ವಿನೊಗ್ರಾಡ್‌ಸ್ಕಿ. ಹೆಸರು ಉದ್ದವಾಗಿದೆ, ಅಲ್ಲವೇ? ಎರಡು ಸಲ ಗಟ್ಟಿಯಾಗಿ ಓದಿರಿ, ನಾಲಿಗೆಗೆ ಹೊಂದಿಕೊಳ್ಳುತ್ತದೆ.

ಕೀವ್ ನಗರವು ಇಂದು ಉಕ್ರೇನ್ ದೇಶದ ರಾಜಧಾನಿ. ವಿನೊಗ್ರಾಡ್‌ಸ್ಕಿ 1856ರಲ್ಲಿ ಅಲ್ಲಿ ಹುಟ್ಟಿದಾಗ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಆದರೆ ಏನು ಕಲಿಯಬೇಕು ಎಂಬುದು ಹುಡುಗನಿಗೆ ಬಹಳ ಕಾಲ ತಿಳಿಯಲಿಲ್ಲ. ಕಾಲೇಜಿನಲ್ಲಿ ಮೊದಲು ಕಾನೂನು ಓದಲು ಸೇರಿದರು. ಅದು ರುಚಿಸಲಿಲ್ಲ. ವಿಜ್ಞಾನಕ್ಕೆ ಬದಲಾಯಿಸಿಕೊಂಡರು. ಅದೂ ಹಿಡಿಸಲಿಲ್ಲ. ಎಲ್ಲವನ್ನೂ ಬಿಟ್ಟು 1875ರಲ್ಲಿ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಸಂಗೀತ ಶಾಲೆಯಲ್ಲಿ ಪಿಯಾನೋ ಕಲಿಯತೊಡಗಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಮತ್ತೆ ವಿಜ್ಞಾನಕ್ಕೇ ಮರಳಿದರು. ಈ ಬಾರಿ ಗಿಡಮರಗಳ ಬಗ್ಗೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಕೇಳುತ್ತಿದ್ದಂತೆ ಅವರಿಗೆ ತಮ್ಮ ದಾರಿ ಸಿಕ್ಕಿತು. ಇಷ್ಟು ಸಲ ದಾರಿ ಬದಲಿಸಿದ ಹುಡುಗ ಮುಂದೆ ಒಂದೇ ಕೆಲಸವನ್ನು ಹಟ ಹಿಡಿದು ಮಾಡುತ್ತಾನೆಂದು ಆಗ ಯಾರೂ ಹೇಳುವಂತಿರಲಿಲ್ಲ.

ಆ ಕಾಲದಲ್ಲಿ ಸೂಕ್ಷ್ಮಜೀವಿ ಎಂದರೆ ಜನರಿಗೆ ರೋಗದ ನೆನಪಾಗುತ್ತಿತ್ತು. ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದಿದ್ದರು. ಫ್ರಾನ್ಸಿನ ಲೂಯಿ ಪಾಶ್ಚರ್ ಹುಚ್ಚುನಾಯಿ ಕಡಿತಕ್ಕೆ 1885ರಲ್ಲಿ ಲಸಿಕೆ ಕೊಟ್ಟರು. ಎಲ್ಲರೂ ರೋಗ ತರುವ ಜೀವಿಗಳ ಬೆನ್ನು ಹತ್ತಿದ್ದರು. ಮಣ್ಣಿನಲ್ಲಿ, ಚರಂಡಿಯಲ್ಲಿ, ಕೆರೆಯ ತಳದಲ್ಲಿ ಇರುವ ಜೀವಿಗಳು ಅಲ್ಲಿ ಏನು ಮಾಡುತ್ತಿವೆ ಎಂದು ಕೇಳುವವರು ಕಡಿಮೆ.

ವಿನೊಗ್ರಾಡ್‌ಸ್ಕಿ ಅದನ್ನೇ ಕೇಳಿದರು. 1885ರಲ್ಲಿ ಅವರು ಸ್ಟ್ರಾಸ್‌ಬರ್ಗ್ ಎಂಬ ನಗರಕ್ಕೆ ಹೋದರು. ಅದು ಈಗ ಫ್ರಾನ್ಸಿನಲ್ಲಿದೆ, ಆಗ ಜರ್ಮನಿಗೆ ಸೇರಿತ್ತು. ಅಲ್ಲಿ ಡಿ ಬಾರಿ ಎಂಬ ಹಿರಿಯ ಸಸ್ಯವಿಜ್ಞಾನಿ ಇದ್ದರು. ಆಲೂಗಡ್ಡೆ ಬೆಳೆಗೆ ಬರುವ ಕೊಳೆರೋಗದ ಕಾರಣವನ್ನು ತೋರಿಸಿಕೊಟ್ಟವರು ಅವರು. ಅವರ ಪ್ರಯೋಗಶಾಲೆಯಲ್ಲಿ ವಿನೊಗ್ರಾಡ್‌ಸ್ಕಿ ಆರಿಸಿಕೊಂಡ ಜೀವಿಯ ಹೆಸರು ಬೆಗ್ಗಿಯಾಟೋವಾ. ಗಂಧಕದ ವಾಸನೆಯ ನೀರಿನಲ್ಲಿ, ಕೆಸರಿನ ಮೇಲೆ, ಹಿಂಜಿದ ಹತ್ತಿಯಂತೆ ಬಿಳಿ ಎಳೆಗಳಾಗಿ ಅದು ಬೆಳೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ಎಳೆಯ ಒಳಗೂ ಗಂಧಕದ ಚಿಕ್ಕ ಚಿಕ್ಕ ಕಣಗಳು ಹೊಳೆಯುತ್ತವೆ.

ನೀರು ನಾರುವುದಕ್ಕೆ ಈ ಬಿಳಿ ಎಳೆಗಳೇ ಕಾರಣ ಎಂದು ಆಗಿನ ಹಲವು ವಿದ್ವಾಂಸರು ತಿಳಿದಿದ್ದರು. ನೀರು ನಾರುತ್ತದೆ, ಅಲ್ಲಿ ಇವು ಇರುತ್ತವೆ, ಆದ್ದರಿಂದ ಇವೇ ನಾರಿಸುತ್ತವೆ ಎಂಬುದು ಅವರ ಲೆಕ್ಕ. ನಾವೂ ಹಾಗೆಯೇ ತಿಳಿಯುತ್ತಿದ್ದೆವೋ ಏನೋ. ಕಸದ ರಾಶಿಯ ಹತ್ತಿರ ಪೊರಕೆ ಹಿಡಿದು ನಿಂತವನನ್ನು ಕಂಡು ಅವನೇ ಕಸ ಹಾಕಿದನೆಂದು ತಿಳಿದ ಹಾಗೆ!

ವಿನೊಗ್ರಾಡ್‌ಸ್ಕಿ ಎಳೆಗಳನ್ನು ಒಂದು ಹನಿ ನೀರಿನಲ್ಲಿ ಇಟ್ಟು, ಮೇಲೆ ತೆಳುವಾದ ಗಾಜು ಮುಚ್ಚಿದರು. ಕೊಳೆತ ಮೊಟ್ಟೆಯ ವಾಸನೆ ಕೊಡುವ ಅನಿಲ ಬೆರೆತ ನೀರನ್ನು ಆಗಾಗ ಹನಿಸುತ್ತ ಬಂದರು. ಎಳೆಗಳ ಒಳಗೆ ಗಂಧಕದ ಕಣಗಳು ತುಂಬಿಕೊಂಡವು. ಆ ನೀರು ಕೊಡುವುದನ್ನು ನಿಲ್ಲಿಸಿದಾಗ ಕಣಗಳು ಕರಗುತ್ತ ಬಂದು ಮಾಯವಾದವು. ಇನ್ನೂ ಕಾದರೆ ಎಳೆಗಳೇ ಸತ್ತುಹೋದವು. ದಿನಕ್ಕೆ ಹಲವು ಬಾರಿ ಹನಿ ಬದಲಿಸಬೇಕು, ಪ್ರತಿ ಬಾರಿಯೂ ನೋಡಿ ಬರೆದಿಡಬೇಕು. ಮಗುವಿಗೆ ಹೊತ್ತು ಹೊತ್ತಿಗೆ ಉಣಿಸಿದ ಹಾಗೆ ಅವರು ಬ್ಯಾಕ್ಟೀರಿಯಾಕ್ಕೆ ಉಣಿಸಿದರು. ಕೊನೆಗೆ ಗುಟ್ಟು ಹೊರಬಿತ್ತು. ನಾರುವ ಅನಿಲವನ್ನು ಆ ಎಳೆಗಳು ಹುಟ್ಟಿಸುತ್ತಿರಲಿಲ್ಲ. ಅದನ್ನು ಅವು ತಿನ್ನುತ್ತಿದ್ದವು! ನಮಗೆ ವಿಷವಾದುದು ಅವುಗಳಿಗೆ ಊಟವಾಗಿತ್ತು. 1887ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮರುವರ್ಷ ಕಬ್ಬಿಣದ ಅಂಶವಿರುವ ನೀರಿನಲ್ಲಿ ಬದುಕುವ, ಅಲ್ಲಿ ತುಕ್ಕಿನ ಬಣ್ಣದ ಲೋಳೆ ಕಟ್ಟುವ ಬ್ಯಾಕ್ಟೀರಿಯಾಗಳ ಬಗ್ಗೆಯೂ ಬರೆದರು.

ಈ ಕೆಸರಿನ ಜಗತ್ತನ್ನು ನೀವೂ ನೋಡಬಹುದು. ಪಾರದರ್ಶಕವಾದ ಒಂದು ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ದೊಡ್ಡವರಿಂದ ಕತ್ತರಿಸಿಕೊಳ್ಳಿರಿ. ಕೆರೆಯ ಕಪ್ಪು ಕೆಸರಿಗೆ ಹರಿದ ವೃತ್ತಪತ್ರಿಕೆಯ ಚೂರುಗಳನ್ನೂ ಬೆಂದ ಮೊಟ್ಟೆಯ ಹಳದಿಯನ್ನೂ ಕಲಸಿ ಬಾಟಲಿಯ ಮುಕ್ಕಾಲು ಭಾಗ ತುಂಬಿರಿ. ಮೇಲೆ ಎರಡು ಬೆರಳಿನಷ್ಟು ಕೆರೆಯ ನೀರು ನಿಲ್ಲಲಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿರಿ, ಆದರೆ ಬಿಗಿಯಾಗಿ ಕಟ್ಟಬೇಡಿರಿ. ಒಳಗಿನ ಅನಿಲಕ್ಕೆ ಹೊರಬರಲು ದಾರಿ ಬೇಕು. ಬಾಟಲಿಯನ್ನು ಕಿಟಕಿಯ ಬಳಿ ಬೆಳಕು ಬೀಳುವಲ್ಲಿ ಇಟ್ಟು, ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳಿರಿ. ಒಂದೆರಡು ವಾರ ಏನೂ ಆಗದು. ಬಳಿಕ ತಳ ಕಪ್ಪಾಗುತ್ತದೆ, ಮೇಲ್ಭಾಗ ಹಸಿರಾಗುತ್ತದೆ. ಆರೇಳು ವಾರ ಕಾದರೆ ನಡುವೆ ನೇರಳೆ, ಕೆಂಪು, ತುಕ್ಕಿನ ಬಣ್ಣದ ಪಟ್ಟಿಗಳೂ ಮೂಡಬಹುದು. ಒಂದೊಂದು ಬಣ್ಣವೂ ಒಂದೊಂದು ಬಗೆಯ ಸೂಕ್ಷ್ಮಜೀವಿಗಳ ಕೇರಿ. ಗಾಳಿ ಬೇಕಾದವು ಮೇಲೆ ಇರುತ್ತವೆ, ಗಾಳಿ ಬೇಡವಾದವು ಕೆಳಗೆ ಇರುತ್ತವೆ. ಯಾರೂ ಹೇಳದೆ ಅವು ತಮ್ಮ ತಮ್ಮ ಜಾಗ ಹಿಡಿಯುತ್ತವೆ. ಲೋಕದ ಎಲ್ಲೆಡೆ ಶಾಲೆಗಳಲ್ಲಿ ಇದನ್ನು ವಿನೊಗ್ರಾಡ್‌ಸ್ಕಿ ಕಂಬ ಎಂದೇ ಕರೆಯುತ್ತಾರೆ. ಮೂಗಿನ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಇರಲಿ!

ಇನ್ನು ಅವರ ದೊಡ್ಡ ಕೆಲಸಕ್ಕೆ ಬರೋಣ. ಹಟ್ಟಿಯ ಗೊಬ್ಬರದ ಗುಂಡಿಯ ಬಳಿ ನಿಂತರೆ ಕಣ್ಣು ಉರಿಯುವಂಥ ಒಂದು ಖಾರವಾದ ವಾಸನೆ ಬರುತ್ತದೆ. ಅದು ಅಮೋನಿಯದ ವಾಸನೆ. ಗೊಬ್ಬರವನ್ನು ಗದ್ದೆಗೆ ಹಾಕಿದ ಮೇಲೆ ಆ ಅಮೋನಿಯ ಮಣ್ಣಿನಲ್ಲಿ ನೈಟ್ರೇಟ್ ಎಂಬ ಉಪ್ಪಾಗಿ ಬದಲಾಗುತ್ತದೆ. ಬೆಳೆ ಅದನ್ನು ಬೇರಿನಿಂದ ಹೀರುತ್ತದೆ. ಹಳೆಯ ಹಟ್ಟಿಯ ಗೋಡೆಯ ಬುಡದಲ್ಲಿ ಬಿಳಿ ಹುಡಿ ಉಬ್ಬಿಬರುವುದನ್ನು ನೀವು ನೋಡಿರಬಹುದು. ಅದರಲ್ಲಿ ಪೆಟ್ಲುಪ್ಪು ಇರುತ್ತದೆ. ಅದೂ ನೈಟ್ರೇಟೇ. ಹಿಂದೆ ತುಪಾಕಿಯ ಮದ್ದಿಗೆ ಅದು ಬೇಕಾಗಿತ್ತು. ನಮ್ಮ ದೇಶದಿಂದ ಅದನ್ನು ಹಡಗುಗಳಲ್ಲಿ ಒಯ್ಯುತ್ತಿದ್ದರು.

ಅಮೋನಿಯ ನೈಟ್ರೇಟ್ ಆಗುವುದು ಹೇಗೆ? 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬವರು ಒಂದು ಚೆಂದದ ಪ್ರಯೋಗ ಮಾಡಿದ್ದರು. ಉದ್ದವಾದ ಗಾಜಿನ ಕೊಳವೆಗೆ ಮರಳನ್ನೂ ಸುಣ್ಣಕಲ್ಲಿನ ಹುಡಿಯನ್ನೂ ತುಂಬಿ, ಮೇಲಿನಿಂದ ಊರಿನ ಚರಂಡಿಯ ನೀರನ್ನು ನಿಧಾನವಾಗಿ ಹನಿಸಿದರು. ಮೊದಲ 20 ದಿನ ಹೋದ ನೀರು ಹಾಗೆಯೇ ಹೊರಬಂತು. ಬಳಿಕ ಬಂದ ನೀರಿನಲ್ಲಿ ನೈಟ್ರೇಟ್ ಕಾಣಿಸಿಕೊಂಡಿತು. ಸ್ವಲ್ಪ ದಿನದಲ್ಲಿ ಅಮೋನಿಯವೇ ಇಲ್ಲವಾಯಿತು. ಬರಿಯ ಮರಳೇ ಈ ಕೆಲಸ ಮಾಡುವುದಿದ್ದರೆ 20 ದಿನ ಕಾಯಬೇಕಾಗಿರಲಿಲ್ಲ. ಅವರು ಕೊಳವೆಯೊಳಗೆ ಕ್ಲೋರೋಫಾರ್ಮ್ ಆವಿ ಬಿಟ್ಟರು. ಕೆಲಸ ನಿಂತಿತು. ಆವಿ ಹೋದ ಮೇಲೆ ಮಣ್ಣು ಕಲಸಿದ ಸ್ವಲ್ಪ ನೀರು ಹಾಕಿದರು. ಕೆಲಸ ಮತ್ತೆ ಆರಂಭವಾಯಿತು. ಹಾಗಾದರೆ ಒಳಗೆ ಇದ್ದದ್ದು ಜೀವಿಗಳೇ ಸರಿ. ಆದರೆ ಅವು ಯಾವುವು? ಯಾರ ಕೈಗೂ ಅವು ಸಿಗಲಿಲ್ಲ. ಇಂಗ್ಲೆಂಡಿನ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ವರ್ಷಗಟ್ಟಲೆ ಹುಡುಕಿ ದಣಿದರು.

ಏಕೆ ಸಿಗಲಿಲ್ಲ ಗೊತ್ತೇ? ಆಗ ಬ್ಯಾಕ್ಟೀರಿಯಾ ಬೆಳೆಸಲು ಮಾಂಸದ ಸಾರು, ಜೆಲಾಟಿನ್ ಮುಂತಾದ ಪುಷ್ಟಿಕರ ಆಹಾರ ಕೊಡುತ್ತಿದ್ದರು. ರೋಗದ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಎಲ್ಲ ಬ್ಯಾಕ್ಟೀರಿಯಾಗಳಿಗೂ ಅದೇ ಇಷ್ಟ ಎಂದು ಜನ ತಿಳಿದಿದ್ದರು. ಡಿ ಬಾರಿಯವರು ತೀರಿಕೊಂಡ ಬಳಿಕ 1888ರಲ್ಲಿ ವಿನೊಗ್ರಾಡ್‌ಸ್ಕಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಕ್ಕೆ ಬಂದಿದ್ದರು. ಅವರು ಇದನ್ನು ತಲೆಕೆಳಗು ಮಾಡಿದರು. ಸಾರು ಇಲ್ಲ, ಸಕ್ಕರೆ ಇಲ್ಲ, ಜೆಲಾಟಿನ್ ಇಲ್ಲ. ನೀರಿಗೆ ಅಮೋನಿಯದ ಉಪ್ಪು, ಇನ್ನೊಂದೆರಡು ಖನಿಜ ಲವಣ, ತಳದಲ್ಲಿ ಸೀಮೆಸುಣ್ಣದಂತೆ ಬೆಳ್ಳಗಿರುವ ಮೆಗ್ನೀಷಿಯಂ ಕಾರ್ಬೊನೇಟ್ ಹುಡಿ, ಅದಕ್ಕೆ ಒಂದು ಚಿಟಿಕೆ ಮಣ್ಣು. ಬೇರೆ ಬ್ಯಾಕ್ಟೀರಿಯಾಗಳು ಇಂಥ ಬರಗಾಲದಲ್ಲಿ ಬಾಳಲಾರವು. ಅವರು ಹುಡುಕುತ್ತಿದ್ದವು ಮಾತ್ರ ಬಾಳಿದವು. ಒಂದು ಪಾತ್ರೆಯಿಂದ ಒಂದು ಹನಿ ತೆಗೆದು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹಾಕುತ್ತ ಹೋದರು. ನೀರು ಕೊನೆಯವರೆಗೂ ತಿಳಿಯಾಗಿಯೇ ಇತ್ತು. ಜೀವಿಗಳು ತಳದ ಬಿಳಿ ಹುಡಿಗೆ ಅಂಟಿಕೊಂಡು ಕುಳಿತಿದ್ದವು. ತಿಳಿನೀರನ್ನು ನೋಡಿ ಏನೂ ಬೆಳೆದಿಲ್ಲವೆಂದು ಚೆಲ್ಲಿದ್ದರೆ ಎಲ್ಲವೂ ಹೋಗುತ್ತಿತ್ತು.

ಅಷ್ಟಾದರೂ ಬೇರೆ ಕೆಲವು ಬ್ಯಾಕ್ಟೀರಿಯಾಗಳು ಜೊತೆಗೆ ಉಳಿದುಕೊಂಡಿದ್ದವು. ವಿನೊಗ್ರಾಡ್‌ಸ್ಕಿ ಹನಿಗಳನ್ನು ಜೆಲಾಟಿನ್ ಮೇಲೂ ಹಾಕಿ ನೋಡಿದರು. ಎಲ್ಲರೂ ಜೆಲಾಟಿನ್ ಮೇಲೆ ಬೆಳೆದುದನ್ನು ಆರಿಸಿಕೊಳ್ಳುತ್ತಿದ್ದರು. ಇವರು ಅದರ ಮೇಲೆ ಏನೂ ಬೆಳೆಯದ ಹನಿಯನ್ನೇ ಆರಿಸಿಕೊಂಡರು! 1890ರಲ್ಲಿ ಅವರು ತಮ್ಮ ಫಲವನ್ನು ಪ್ರಕಟಿಸತೊಡಗಿದರು. ಕೆಲಸ ಮಾಡುವವರು ಇಬ್ಬರು ಎಂಬುದೂ ಅವರಿಗೆ ತಿಳಿಯಿತು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡಿ ಬಿಡುತ್ತದೆ. ಇನ್ನೊಂದು ಬಗೆಯದು ಆ ನೈಟ್ರೈಟನ್ನು ತೆಗೆದುಕೊಂಡು ನೈಟ್ರೇಟ್ ಮಾಡುತ್ತದೆ. ಒಬ್ಬರ ಎಂಜಲು ಇನ್ನೊಬ್ಬರಿಗೆ ಊಟ. ಅವುಗಳಿಗೆ ಇಂದು ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಎಂಬ ಹೆಸರುಗಳಿವೆ.

ಇನ್ನೊಂದು ಬೆರಗಿನ ಮಾತಿದೆ. ಹಸಿರು ಗಿಡಗಳು ಬಿಸಿಲಿನ ಸಹಾಯದಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಆಹಾರವಾಗಿ ಮಾರ್ಪಡಿಸುತ್ತವೆ ಎಂದು ನೀವು ಓದಿದ್ದೀರಿ. ಈ ಬ್ಯಾಕ್ಟೀರಿಯಾಗಳು ಕತ್ತಲೆಯಲ್ಲೇ ಆ ಅಡುಗೆ ಮಾಡುತ್ತವೆ. ಅವುಗಳಿಗೆ ಸೂರ್ಯ ಬೇಕಿಲ್ಲ, ಅಮೋನಿಯವೇ ಸೌದೆ. ಬೆಳಕಿಲ್ಲದೆ ಆಹಾರ ತಯಾರಿಸುವ ಜೀವಿಗಳು ಭೂಮಿಯ ಮೇಲೆ ಇವೆ ಎಂದು ಮೊದಲು ತೋರಿಸಿಕೊಟ್ಟವರು ವಿನೊಗ್ರಾಡ್‌ಸ್ಕಿ. ಪಟ್ಟಣಗಳ ಕೊಳಚೆ ನೀರನ್ನು ಶುದ್ಧ ಮಾಡುವ ಕಟ್ಟೆಗಳಲ್ಲಿ ಇಂದು ನೀರಿನೊಳಗೆ ಗುಳುಗುಳು ಗಾಳಿ ಊದುತ್ತಿರುತ್ತಾರಲ್ಲ, ಅದಕ್ಕೆ ಈ ಬಗೆಯ ಬ್ಯಾಕ್ಟೀರಿಯಾಗಳಿಗೆ ಉಸಿರು ಕೊಡುವುದೂ ಒಂದು ಕಾರಣ.

ಹೆಸರು ಹರಡಿತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಿಂದ ಕರೆ ಬಂತು. ಅದನ್ನು ಬಿಟ್ಟು ಅವರು 1891ರಲ್ಲಿ ತಮ್ಮ ನಾಡಿಗೆ, ಸೇಂಟ್ ಪೀಟರ್ಸ್‌ಬರ್ಗಿನ ಹೊಸ ವಿಜ್ಞಾನ ಸಂಸ್ಥೆಗೆ ಹೋದರು. ಅಲ್ಲಿ ಗಾಳಿಯಿಲ್ಲದ ಕಡೆ ಬೆಳೆದು, ನೈಟ್ರೋಜನ್ ಅನಿಲವನ್ನು ಹಿಡಿದು ಮಣ್ಣಿಗೆ ಸೇರಿಸುವ ಇನ್ನೊಂದು ಬ್ಯಾಕ್ಟೀರಿಯಾವನ್ನು ಕಂಡುಹಿಡಿದು, ಅದಕ್ಕೆ ಪಾಶ್ಚರ್ ಅವರ ಹೆಸರನ್ನು ಸೇರಿಸಿ ಕರೆದರು. ಆ ಸಂಸ್ಥೆಯ ನಿರ್ದೇಶಕರೂ ಆದರು. ಆದರೆ ಆರೋಗ್ಯ ಕೆಟ್ಟಿತು. 1905ರ ಹೊತ್ತಿಗೆ ಎಲ್ಲವನ್ನೂ ಬಿಟ್ಟು ಉಕ್ರೇನಿನಲ್ಲಿದ್ದ ತಮ್ಮ ಜಮೀನಿಗೆ ಹೋಗಿ ಬೇಸಾಯದಲ್ಲಿ ತೊಡಗಿದರು. ಆಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಸೂಕ್ಷ್ಮದರ್ಶಕ ಮುಟ್ಟದೆ ವರ್ಷಗಳು ಕಳೆದವು. ವಿಜ್ಞಾನಲೋಕವೂ ಅವರನ್ನು ನಿಧಾನವಾಗಿ ಮರೆಯತೊಡಗಿತು.

1917ರಲ್ಲಿ ರಷ್ಯಾದಲ್ಲಿ ಕ್ರಾಂತಿಯಾಯಿತು. ಚಕ್ರವರ್ತಿ ಸಿಂಹಾಸನದಿಂದ ಇಳಿದರು. ದೇಶದೊಳಗೇ ಯುದ್ಧ ಹೊತ್ತಿಕೊಂಡಿತು. ವಿನೊಗ್ರಾಡ್‌ಸ್ಕಿಯವರ ಜಮೀನೂ ಮನೆಯೂ ಕೈತಪ್ಪಿದವು. ಅರುವತ್ತು ದಾಟಿದ ಅವರು ಕಪ್ಪು ಸಮುದ್ರದ ಒದೆಸ್ಸಾ ಬಂದರಿನಿಂದ ಹಡಗು ಹತ್ತಿ ದೇಶ ಬಿಟ್ಟರು. ಊರಿಲ್ಲ, ಹೊಲವಿಲ್ಲ, ಪ್ರಯೋಗಶಾಲೆಯಿಲ್ಲ. ಯುಗೊಸ್ಲಾವಿಯದ ಬೆಲ್‌ಗ್ರೇಡ್ ನಗರದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು.

ಮಕ್ಕಳೇ, ಅಂಥ ವಯಸ್ಸಿನಲ್ಲಿ ಎಲ್ಲವನ್ನೂ ಕಳೆದುಕೊಂಡವರು ಏನು ಮಾಡಿಯಾರು? ನೆಮ್ಮದಿಯಾಗಿ ಒಂದು ಮೂಲೆ ಸಿಕ್ಕರೆ ಸಾಕು ಎನ್ನುತ್ತಾರೆ. 1922ರಲ್ಲಿ ಪ್ಯಾರಿಸ್ಸಿನಿಂದ ಒಂದು ಕಾಗದ ಬಂತು. ಸುಮಾರು 30 ವರ್ಷ ಹಿಂದೆ ಅವರು ಬೇಡವೆಂದಿದ್ದ ಅದೇ ಪಾಶ್ಚರ್ ಸಂಸ್ಥೆಯಿಂದ! ಅದರ ನಿರ್ದೇಶಕ ಎಮಿಲ್ ರೂ ಅವರು ಮಣ್ಣಿನ ಸೂಕ್ಷ್ಮಜೀವಿಗಳ ವಿಭಾಗವೊಂದನ್ನು ನಡೆಸಿಕೊಡಬೇಕೆಂದು ಕೇಳಿಕೊಂಡಿದ್ದರು. ಆಗ ವಿನೊಗ್ರಾಡ್‌ಸ್ಕಿಗೆ 66 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ನೌಕರಿಯಿಂದ ನಿವೃತ್ತರಾಗಿ ವರ್ಷಗಳೇ ಆಗಿರುತ್ತವೆ. ಅವರು ಹೊರಟೇಬಿಟ್ಟರು. ಪ್ಯಾರಿಸ್ ಹತ್ತಿರದ ಬ್ರಿ-ಕೋಂತ್-ರೊಬೇರ್ ಎಂಬ ಚಿಕ್ಕ ಊರಿನಲ್ಲಿ ಅವರ ಹೊಸ ಪ್ರಯೋಗಶಾಲೆ ತೆರೆಯಿತು. ಮಗಳು ಹೆಲೆನ್ ಅಲ್ಲಿ ಅವರ ಜೊತೆಗೆ ಕೆಲಸ ಮಾಡಿದರು.

ಅಲ್ಲಿ ಅವರು ಕೇಳಿದ ಪ್ರಶ್ನೆ ನನಗೆ ಬಹಳ ಮೆಚ್ಚುಗೆಯಾದುದು. ಪ್ರಯೋಗಶಾಲೆಯಲ್ಲಿ ಸಾರು ಕುಡಿದು ಕೊಬ್ಬಿದ ಬ್ಯಾಕ್ಟೀರಿಯಾವನ್ನು ನೋಡಿ, ಮಣ್ಣಿನಲ್ಲಿ ಹಸಿದುಕೊಂಡಿರುವ ಬ್ಯಾಕ್ಟೀರಿಯಾದ ಬಗ್ಗೆ ಹೇಳುವುದು ಸರಿಯೇ? ಪ್ರಾಣಿಸಂಗ್ರಹಾಲಯದ ಹುಲಿಯನ್ನು ನೋಡಿ ಕಾಡಿನ ಹುಲಿಯ ಬಗ್ಗೆ ಬರೆದರೆ ಹೇಗಿರುತ್ತದೆ, ಯೋಚಿಸಿರಿ. ಅವರು ಮಣ್ಣನ್ನೇ ನೀರಿನಲ್ಲಿ ಕಲಸಿ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಅಲ್ಲಿ ಹೆಚ್ಚಿನವು ಪುಟ್ಟ ಪುಟ್ಟ ದುಂಡು ಜೀವಿಗಳಾಗಿ ಸುಮ್ಮನೆ ಇದ್ದವು. ಮಣ್ಣಿಗೆ ಸ್ವಲ್ಪ ಆಹಾರ ಸೇರಿಸಿ ನೋಡಿದರು. ಆಗ ಮಲಗಿದ್ದ ಬೇರೊಂದು ಗುಂಪು ಎದ್ದು ಭರದಿಂದ ಹೆಚ್ಚಿತು. ಆಹಾರ ಮುಗಿದಾಗ ಮತ್ತೆ ಇಳಿಯಿತು. ಮಣ್ಣಿನಲ್ಲಿ ಎಲ್ಲ ಕೆಲಸಕ್ಕೂ ಆಳುಗಳು ಇರುತ್ತಾರೆ, ಅವರಿಗೆ ಬೇಕಾದುದು ಸಿಕ್ಕಾಗ ಏಳುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

1924ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಎಂಬ ತರುಣ ವಿಜ್ಞಾನಿ ಅಮೆರಿಕದಿಂದ ಬಂದು ಅವರನ್ನು ಕಂಡರು. ವಾಕ್ಸ್‌ಮನ್ ಕೂಡ ಉಕ್ರೇನಿನಲ್ಲಿ ಹುಟ್ಟಿದವರೇ. ಮುಂದೆ ಅವರ ಪ್ರಯೋಗಶಾಲೆಯಲ್ಲಿ, ಮಣ್ಣಿನ ಸೂಕ್ಷ್ಮಜೀವಿಯೊಂದರಿಂದಲೇ, ಕ್ಷಯರೋಗದ ಔಷಧಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. 1952ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ವಿನೊಗ್ರಾಡ್‌ಸ್ಕಿಯವರ ಜೀವನ ಚರಿತ್ರೆಯನ್ನು ಬರೆದವರೂ ಅವರೇ. 1935ರಲ್ಲಿ ಹಾಲೆಂಡಿನ ವಿಜ್ಞಾನ ಅಕಾಡೆಮಿಯು ಲೀವೆನ್‌ಹುಕ್ ಪದಕವನ್ನು ವಿನೊಗ್ರಾಡ್‌ಸ್ಕಿಯವರಿಗೆ ನೀಡಿತು. 1949ರಲ್ಲಿ, ತೊಂಬತ್ತು ದಾಟಿದ ಮೇಲೆ, ಮಣ್ಣಿನ ಸೂಕ್ಷ್ಮಜೀವಿಗಳ ಕುರಿತ ಅವರ ದೊಡ್ಡ ಗ್ರಂಥ ಫ್ರೆಂಚ್ ಭಾಷೆಯಲ್ಲಿ ಹೊರಬಂತು. 1953ರ ಫೆಬ್ರವರಿ ತಿಂಗಳಲ್ಲಿ, 96ನೆಯ ವಯಸ್ಸಿನಲ್ಲಿ ಬ್ರಿ-ಕೋಂತ್-ರೊಬೇರಿನಲ್ಲೇ ಅವರು ತೀರಿಕೊಂಡರು. ಕೀವ್ ನಗರಕ್ಕೆ ಮರಳುವುದು ಅವರಿಗೆ ಆಗಲಿಲ್ಲ.

ಅವರ ಕತೆ ಇಲ್ಲಿಗೆ ಮುಗಿಯಿತು, ಆದರೆ ಅವರು ತೋರಿಸಿದ ದಾರಿಯ ಕತೆ ಸ್ವಲ್ಪ ಇದೆ. ಅದನ್ನೂ ಕೇಳಿರಿ.

ಯಂತ್ರದ ಬಿಡಿಭಾಗಗಳಿಗೆ ಅಂಟಿದ ಎಣ್ಣೆ ಜಿಡ್ಡನ್ನು ತೊಳೆಯಲು, ಬಟ್ಟೆಯನ್ನು ನೀರಿಲ್ಲದೆ ಒಗೆಯಲು ಕಾರ್ಖಾನೆಗಳಲ್ಲಿ ಕ್ಲೋರಿನ್ ಸೇರಿದ ಕೆಲವು ದ್ರವಗಳನ್ನು ಬಳಸುತ್ತಿದ್ದರು. ಅಮೆರಿಕದಲ್ಲಿ ಇವು ಹಲವು ಕಡೆ ನೆಲಕ್ಕೆ ಚೆಲ್ಲಿ ಒಳಗೆ ಇಳಿದವು. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಆದರೆ ಈ ದ್ರವಗಳು ನೀರಿಗಿಂತ ಭಾರ. ಅಂತರ್ಜಲದ ತಳಕ್ಕೆ ಮುಳುಗಿ, ಕಲ್ಲಿನ ಬಿರುಕುಗಳಲ್ಲಿ ಅಡಗಿ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಕರಗುತ್ತವೆ. ಕಾರ್ಖಾನೆ ಮುಚ್ಚಿ ಹುಲ್ಲು ಬೆಳೆದರೂ ಕೆಳಗಿನ ನೀರು ವಿಷವಾಗಿಯೇ ಇರುತ್ತದೆ. ಆ ನೀರನ್ನು ಕುಡಿಯುವಂತಿಲ್ಲ. ಪಂಪಿನಿಂದ ಎತ್ತಿ ಶುದ್ಧ ಮಾಡೋಣವೆಂದರೆ ಹತ್ತಾರು ವರ್ಷ ಎತ್ತಿದರೂ ಮುಗಿಯದು.

ಆ ವಿಷದಿಂದ ಬದುಕುವ ಬ್ಯಾಕ್ಟೀರಿಯಾ ಇದ್ದೀತೇ? ವಿನೊಗ್ರಾಡ್‌ಸ್ಕಿಯವರ ಬಿಳಿ ಎಳೆಗಳನ್ನು ಓದಿದ ನೀವು ಇರಬಹುದು ಎನ್ನುತ್ತೀರಿ. ಇದೆ! 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಅದನ್ನು ಪ್ರಕಟಿಸಿದರು. ಅದು ಸಿಕ್ಕಿದ್ದು ಇಥಾಕಾ ಎಂಬ ಊರಿನ ಕೊಳಚೆ ನೀರಿನ ಕೆಸರಿನಿಂದ. ಅದರ ಹೆಸರು ಡಿಹ್ಯಾಲೊಕಾಕಾಯ್ಡಿಸ್. ನಾವು ಆಮ್ಲಜನಕವನ್ನು ಉಸಿರಾಡುವಂತೆ ಅದು ಗಾಳಿಯಿಲ್ಲದ ಕತ್ತಲೆಯಲ್ಲಿ ಆ ವಿಷದ್ರವವನ್ನೇ ಉಸಿರಾಡುತ್ತದೆ. ದ್ರವದ ಒಂದೊಂದು ಕಣದಲ್ಲಿ ಮೂರೋ ನಾಲ್ಕೋ ಕ್ಲೋರಿನ್ ಪರಮಾಣುಗಳು ಇರುತ್ತವೆ. ಅಂಗಿಯ ಗುಂಡಿ ಬಿಚ್ಚಿದಂತೆ ಅದು ಒಂದಾದ ಮೇಲೊಂದನ್ನು ಬಿಚ್ಚುತ್ತದೆ. ಎಲ್ಲವೂ ಬಿಚ್ಚಿದ ಮೇಲೆ ಉಳಿಯುವುದು ಎಥಿಲೀನ್ ಎಂಬ ಅನಿಲ. ಆದರೆ ಒಂದು ತೊಡಕಿದೆ. ಕೊನೆಯ ಗುಂಡಿ ಒಂದೇ ಉಳಿದಾಗ ಅದು ಮೊದಲಿನದಕ್ಕಿಂತ ಕೆಟ್ಟ ವಿಷ. ಅರ್ಧದಲ್ಲಿ ಕೆಲಸ ನಿಂತರೆ ಅಪಾಯ. ಅದಕ್ಕಾಗಿ ಬಾವಿ ಕೊರೆದು ಮತ್ತೆ ಮತ್ತೆ ನೀರು ಪರೀಕ್ಷಿಸುತ್ತಿರಬೇಕು. ಇನ್ನು ಸೀಸ, ಪಾದರಸದಂಥ ಲೋಹಗಳನ್ನಂತೂ ಯಾವ ಬ್ಯಾಕ್ಟೀರಿಯಾವೂ ಇಲ್ಲವಾಗಿಸಲಾರದು.

ಬ್ಯಾಕ್ಟೀರಿಯಾಕ್ಕೆ ಉಸಿರೊಂದೇ ಸಾಲದು, ಊಟವೂ ಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯನ್ನೋ ಅಡುಗೆ ಎಣ್ಣೆಯನ್ನೋ ಕೊಳವೆಯಲ್ಲಿ ನೆಲದೊಳಗೆ ಇಳಿಸುತ್ತಾರೆ. ಅದನ್ನು ಬೇರೆ ಬ್ಯಾಕ್ಟೀರಿಯಾಗಳು ತಿಂದು ಹೈಡ್ರೋಜನ್ ಬಿಡುತ್ತವೆ. ಡಿಹ್ಯಾಲೊಕಾಕಾಯ್ಡಿಸ್‌ಗೆ ಊಟವಾಗುವುದು ಆ ಹೈಡ್ರೋಜನ್. ಒಬ್ಬರ ಎಂಜಲು ಇನ್ನೊಬ್ಬರಿಗೆ ಊಟ ಎಂದು ಹಿಂದೆ ಓದಿದಿರಲ್ಲ?

ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿ ಕೆಲ್ಲಿ ಎಂಬ ವಾಯುಸೇನೆಯ ನೆಲೆ ಇತ್ತು. ಅಲ್ಲಿ ದೊಡ್ಡ ದೊಡ್ಡ ವಿಮಾನಗಳನ್ನು ರಿಪೇರಿ ಮಾಡುತ್ತಿದ್ದರು. 2001ರಲ್ಲಿ ಅದನ್ನು ಮುಚ್ಚಿದರು. ಅದರ ಅಂತರ್ಜಲದಲ್ಲಿ ಈ ವಿಷ ಸೇರಿತ್ತು. ನೆಲೆ ಮುಚ್ಚುವ ಹೊತ್ತಿನ ಆ ವರ್ಷಗಳಲ್ಲೇ ಅಲ್ಲಿನ ಒಂದು ತುಂಡು ನೆಲದಲ್ಲಿ ಪ್ರಯೋಗ ಮಾಡಿದರು. ಮೊದಲು ಊಟವನ್ನಷ್ಟೇ ಇಳಿಸಿದರು. ನೆಲದಲ್ಲಿದ್ದ ಬ್ಯಾಕ್ಟೀರಿಯಾಗಳು ಎದ್ದವು, ಎರಡು ಗುಂಡಿ ಬಿಚ್ಚಿದವು, ಅಲ್ಲಿಗೇ ನಿಂತವು. ಉಳಿದ ಗುಂಡಿ ಬಿಚ್ಚಬಲ್ಲ ಆಳು ಆ ಮಣ್ಣಿನಲ್ಲಿ ಇರಲಿಲ್ಲ. ಆಗ ಕೆನಡಾದ ಒಂದು ಮಲಿನ ಸ್ಥಳದ ಮಣ್ಣಿನಿಂದ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ತಂದು, ಅವುಗಳಿಗೆ ಗಾಳಿ ತಾಗದಂತೆ ನೆಲದೊಳಗೆ ಬಿಟ್ಟರು. ಮತ್ತೆ ಕಾದರು, ಬಾವಿಗಳಿಂದ ನೀರು ತೆಗೆದು ಪರೀಕ್ಷಿಸುತ್ತ ಹೋದರು. 200 ದಿನಗಳೊಳಗೆ ಆ ತುಂಡು ನೆಲದ ನೀರಿನಲ್ಲಿ ವಿಷದ ಪ್ರಮಾಣ ಒಂದು ಲೀಟರಿಗೆ ಒಂದು ಗ್ರಾಮಿನ 10 ಲಕ್ಷ ಭಾಗಗಳಲ್ಲಿ 5 ಭಾಗಕ್ಕಿಂತ ಕೆಳಗೆ ಇಳಿಯಿತು. ಪಕ್ಕದಲ್ಲಿ ಬ್ಯಾಕ್ಟೀರಿಯಾ ಬಿಡದೆ ಇಟ್ಟಿದ್ದ ನೆಲದಲ್ಲಿ ಹಾಗೆ ಆಗಲಿಲ್ಲ. ವಿಷ ಕಡಿಮೆಯಾದಂತೆ ನೀರಿನಲ್ಲಿ ಎಥಿಲೀನ್ ಹೆಚ್ಚುತ್ತ ಬಂದಿತ್ತು. ಆ ಅನಿಲ ನಿಮಗೆ ಹೊಸದಲ್ಲ. ಬಾಳೆಗೊನೆಯನ್ನು ಗೋಣಿಯಲ್ಲಿ ಮುಚ್ಚಿಟ್ಟಾಗ ಒಳಗೆ ತುಂಬಿಕೊಂಡು ಕಾಯಿಯನ್ನು ಹಣ್ಣು ಮಾಡುವುದು ಅದೇ.